ಶೇಂಗಾ ಹಾಕೀರೇನ್ರಿ?

ಲಾಡ್ಜಿನ ಮ್ಯಾನೇಜರು ನನ್ನ ಕರೆಂಟಿನ ಕುಕ್ಕರನ್ನು ಕೌಂಟರಿನ ಕೆಳಗೆ ಇಟ್ಟು, "ರೂಮ್ ಖಾಲಿ ಮಾಡೋವಾಗ ಇಸ್ಕೊಳ್ಳಿ ಮೇಡಂ, ಇಲ್ಲಿ ಅಡುಗೆ ಮಾಡೋ ಹಾಗಿಲ್ಲ" ಎಂದರು. ಅವರು ಒರಟಾಗಿ ಹೇಳಲಿಲ್ಲ. ವೈರನ್ನು ನೀಟಾಗಿ ಸುತ್ತಿ, ಅದಕ್ಕೊಂದು ರಬ್ಬರ್ ಬ್ಯಾಂಡ್ ಕೂಡ ಹಾಕಿದರು. ಆದರೆ ಬೆಂಗಳೂರಿನಲ್ಲಿ ಇರುವಷ್ಟು ದಿನ ನನ್ನ ಮಗಳಿಗೆ ಏನು ಉಣಿಸಬೇಕು ಎಂಬ ನನ್ನ ಲೆಕ್ಕಾಚಾರವೆಲ್ಲ ಆ ಕುಕ್ಕರಿನ ಮೇಲೆಯೇ ನಿಂತಿತ್ತು.

ನಾವು ಬನಹಟ್ಟಿಯವರು. ನಮ್ಮ ಮನೆಯವರದು ಸೀರೆಯ ವ್ಯಾಪಾರ. ಬೆಂಗಳೂರಿನ ಮಾರಾಟ ಮೇಳವೊಂದರಲ್ಲಿ ಮಳಿಗೆ ಸಿಕ್ಕಿತ್ತು. ಮಳಿಗೆಯಲ್ಲಿ ಕೂರಲು ಅವರು, ಸೀರೆ ಬಿಚ್ಚಿ ತೋರಿಸಲು ನಮ್ಮಲ್ಲಿ ಬಹಳ ವರ್ಷದಿಂದ ನೇಯುವ ಹಿರಿಯರೊಬ್ಬರು. ಅವರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ಎಲ್ಲರ ಊಟದ ಜವಾಬ್ದಾರಿಗೆ ನಾನು. ಆರನೆಯ ಇಯತ್ತೆಯ ಪರೀಕ್ಷೆ ಮುಗಿಸಿದ್ದ ಮಗಳನ್ನು ಊರಲ್ಲಿ ಬಿಟ್ಟು ಬರಲು ಧೈರ್ಯ ಸಾಲದೆ ಜೊತೆಗೇ ಕರೆತಂದಿದ್ದೆ.

ಮಗಳಿಗೆ ಶೇಂಗಾ ಆಗುವುದಿಲ್ಲ. ಕೆಲವರಿಗೆ ಬದನೆಕಾಯಿ ತಿಂದರೆ ಮೈ ತುರಿಸುತ್ತದಲ್ಲ, ಹಾಗಲ್ಲ. ಚಿಕ್ಕವಳಿದ್ದಾಗ ಪಂಚಮಿಗೆ ಪಕ್ಕದ ಮನೆಯವರು ಕೊಟ್ಟ ಶೇಂಗಾ ಉಂಡಿಯ ಒಂದು ಚೂರು ಬಾಯಿಗೆ ಹಾಕಿಕೊಂಡು, ಮುಧೋಳದ ದವಾಖಾನೆ ಮುಟ್ಟುವಷ್ಟರಲ್ಲಿ ಉಸಿರಿಗೆ ಒದ್ದಾಡುತ್ತಿದ್ದಳು. ಅತ್ತೆಯವರು ಒಂದು ವರ್ಷ ನಂಬಲಿಲ್ಲ. "ಈ ಮಣ್ಣಾಗ ಹುಟ್ಟಿದ ಕೂಸಿಗೆ ಶೇಂಗಾ ಆಗಂಗಿಲ್ಲಂದ್ರ ಏನರ್ಥ? ನಾಳೆ ನೀರು ಆಗಂಗಿಲ್ಲ ಅಂತೀರಿ" ಎನ್ನುತ್ತಿದ್ದರು. ಎರಡನೆಯ ಸಲ ತಾವೇ ಕಣ್ಣಾರೆ ಕಂಡ ಮೇಲೆ, ಶೇಂಗಾದ ಡಬ್ಬಿಯನ್ನು ತಾವೇ ಎತ್ತಿ ಹೊರಗೆ ಕೊಟ್ಟರು. ಅಂದಿನಿಂದ ನಮ್ಮ ಮನೆಯಲ್ಲಿ ಕುಸುಬಿ ಎಣ್ಣೆ, ಪುಟಾಣಿ ಚಟ್ನಿ, ಎಳ್ಳಿನ ಹೋಳಿಗೆ.

ಮುಧೋಳದ ಡಾಕ್ಟರು ಅಂಥ ಹೊತ್ತಿಗೆಂದು ನನಗೆ ಸೂಜಿ ಚುಚ್ಚುವುದನ್ನು ಕಲಿಸಿದ್ದರು. ಔಷಧಿಯ ಗಾಜಿನ ಸಣ್ಣ ಆಂಪೂಲು, ಸಿರಿಂಜು, ಸೂಜಿ. ಸಿರಿಂಜಿನ ಮೇಲೆ ಎಲ್ಲಿಯವರೆಗೆ ಎಳೆದುಕೊಳ್ಳಬೇಕು ಎಂಬುದಕ್ಕೆ ಅವರೇ ಕೆಂಪು ಗೆರೆ ಹಾಕಿಕೊಟ್ಟಿದ್ದರು. ಮನೆಯಲ್ಲಿ ಮೋಸಂಬಿಗೆ ನೀರು ಚುಚ್ಚಿ ರೂಢಿ ಮಾಡಿಕೊಂಡಿದ್ದೆ. ಬಿಸಿಲು, ಬೆಳಕು ತಾಗಬಾರದೆಂದು ಆಂಪೂಲುಗಳನ್ನು ಕರಿ ಕಾಗದದಲ್ಲಿ ಸುತ್ತಿ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದೆ. "ಅನುಮಾನ ಬಂತಂದ್ರ ಚುಚ್ಚಿಬಿಡ್ರಿ ತಾಯಿ, ಖಾತ್ರಿ ಆಗಲಿ ಅಂತ ಕಾಯಬ್ಯಾಡ್ರಿ. ಚುಚ್ಚಿ ದವಾಖಾನಿಗೆ ಓಡ್ರಿ" ಎಂದಿದ್ದರು ಡಾಕ್ಟರು. ಹಣ್ಣಿಗೆ ಬಿಟ್ಟರೆ ಬೇರೆ ಯಾರಿಗೂ ನಾನು ಚುಚ್ಚಿರಲಿಲ್ಲ.

ಊರಿಂದ ತಂದ ಕಟಕ ರೊಟ್ಟಿ, ಪುಟಾಣಿ ಚಟ್ನಿ ಮೊದಲ ಒಂದೆರಡು ಊಟಕ್ಕೆ ಬಂದವು. ಆಮೇಲೆ ಮಗಳು ರೊಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಮಮ್ಮಿ, ಇದರಾಗಿಂದ ಎದುರಿನ ಬಿಲ್ಡಿಂಗ್ ಕಾಣಾಕತ್ತೈತಿ" ಎಂದಳು. ತಿನ್ನಲಿಲ್ಲ. ಹೊರಗೆ ತಿನ್ನಿಸುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ನಾನು ಒಂದು ಕ್ರಮ ಮಾಡಿಕೊಂಡೆ. ಜನ ಕಡಿಮೆ ಇರುವ ಹೊತ್ತಿಗೆ ಹೋಗುವುದು. ಕೂರುವ ಮೊದಲು ಕೇಳುವುದು. ಕರಿದದ್ದು ಬೇಡ, ಎಣ್ಣೆ ಯಾವುದೆಂದು ಗೊತ್ತಾಗುವುದಿಲ್ಲ. ಸಿಹಿ ಬೇಡ. ಬಂದದ್ದನ್ನು ಮೊದಲು ನಾನು ರುಚಿ ನೋಡುವುದು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಕಲಿಸಿದ್ದು ಯಾರಿಗೂ ತೊಂದರೆ ಕೊಡದೆ ಕೇಳುವುದನ್ನು. ಹಾಗಾಗಿ ನಾನು ಕೇಳುವಾಗಲೇ ಕ್ಷಮೆ ಕೇಳಿದಂತಿರುತ್ತಿತ್ತು.

ಲಾಡ್ಜಿನ ಕೆಳಗಿನ ದರ್ಶಿನಿಯಲ್ಲಿ ಮೊದಲ ಪರೀಕ್ಷೆ. ಇಡ್ಲಿ ಕೊಡುವವನನ್ನು "ಚಟ್ನಿಗೆ ಏನೇನ್ ಹಾಕೀರ್ರಿ?" ಎಂದೆ. "ಕಾಯಿ, ಮೆಣಸಿನಕಾಯಿ, ಹುರಿಗಡ್ಲೆ" ಎಂದ. ಹುರಿಗಡ್ಲೆ ಅಂದರೇನು ಎಂದು ಕೇಳಿದ್ದಕ್ಕೆ ಒಳಗೆ ಹೋಗಿ ನಾಲ್ಕು ಕಾಳು ತಂದು ಅಂಗೈಗೆ ಹಾಕಿದ. ನಮ್ಮ ಪುಟಾಣಿ. ನಗು ಬಂತು. "ಕಡ್ಲೆ ಅಮ್ಮ, ಬರೀ ಕಡ್ಲೆ" ಎಂದ. ಮಗಳು ಎರಡು ಇಡ್ಲಿ ತಿಂದಳು. ಏನೂ ಆಗಲಿಲ್ಲ. ಆಕೆಗೆ ಕಡ್ಲಿ ಯಾವ ರೂಪದಲ್ಲಿ ತಿಂದರೂ ಏನೂ ಆಗುವುದಿಲ್ಲ. ಹಸಿ ಕಡ್ಲಿ ಗಿಡವನ್ನೇ ಹಿಡಿದು ಮೇಯುವವಳು.

ಮಧ್ಯಾಹ್ನ ಮೇಳದ ಹತ್ತಿರದ ತಂಪು ಹವೆಯ ಹೋಟೆಲಿನಲ್ಲಿ ಪನೀರು ತರಿಸಿದೆವು. ಇಂಗ್ಲಿಷಿನಲ್ಲಿ ಗ್ರೌಂಡ್‌ನಟ್ ಇದೆಯಾ ಎಂದು ಕೇಳಿದ್ದಕ್ಕೆ ಟೈ ಕಟ್ಟಿದ ಹುಡುಗ ಇಲ್ಲ, ಗೋಡಂಬಿ ಮಾತ್ರ ಎಂದ. ತಟ್ಟೆ ಬಂದ ಮೇಲೆ ಯಾಕೋ ಸಮಾಧಾನವಾಗದೆ, ಅಡುಗೆಯವರನ್ನೇ ಒಂದು ಸಲ ಕೇಳಿ ಬರುತ್ತೀರಾ ಎಂದೆ. ಹೋದವನು ಬರಲು ತಡವಾಯಿತು. ಬಂದಾಗ ಮುಖ ಬೇರೆಯಾಗಿತ್ತು. ಗ್ರೇವಿ ಗಟ್ಟಿಯಾಗಲೆಂದು ಗೋಡಂಬಿಯ ಜೊತೆ ಸ್ವಲ್ಪ ಅದೂ ಹಾಕುತ್ತಾರಂತೆ. ಚಮಚ ಆಗಲೇ ಮಗಳ ಕೈಯಲ್ಲಿತ್ತು. ನಾನು ಆ ಕೈ ಹಿಡಿದುಕೊಂಡೆ. ಬಹಳ ಬಿಗಿಯಾಗಿ ಹಿಡಿದಿದ್ದೆನಂತೆ, ಆಮೇಲೆ ತೋರಿಸಿದಳು.

"ಹಿಂಗಾದ್ರ ಯಾವ ಹೊಟೇಲ್‌ನ್ಯಾಗೂ ಉಣ್ಣಾಕ ಆಗಂಗಿಲ್ಲ" ಎಂದರು ಮನೆಯವರು, ಹೊರಗೆ ಬಂದು. ಅವರಿಗೂ ಹೆದರಿಕೆಯಾಗಿತ್ತು. ಅವರು ಹೆದರಿದರೆ ಸಿಟ್ಟಿನ ಮಾತು ಬರುತ್ತದೆ.

ಸಂಜೆ ನೂಡಲ್ಸ್ ಅಂಗಡಿ. ಅಲ್ಲಿಯ ಹುಡುಗನಿಗೆ ಕನ್ನಡ ಬಾರದು, ಹಿಂದಿಯಲ್ಲಿ ಕೇಳಿದೆ. ಮೂಂಗ್‌ಫಲಿ ಎಂದೆ. ಅವನು ಒಂದು ಮಾತೂ ಆಡದೆ ಒಳಗಿನಿಂದ ಸಾಸಿನ ಬಾಟಲಿಗಳನ್ನು ಒಂದೊಂದಾಗಿ ತಂದು, ಹಿಂಬದಿಯ ಚೀಟಿ ನನ್ನ ಕಡೆ ತಿರುಗಿಸಿ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ. ಅವನ ಉಗುರುಗಳು ಬಹಳ ಸ್ವಚ್ಛವಾಗಿದ್ದವು. ಆ ಊಟ ನಿಶ್ಚಿಂತೆಯಿಂದ ಆಯಿತು.

ಕಾಕಾಗೆ ಇದಾವುದೂ ಸೇರಲಿಲ್ಲ. ನಮ್ಮ ಕಡೆಯ ಖಾನಾವಳಿಯೊಂದನ್ನು ಎಲ್ಲಿಂದಲೋ ಪತ್ತೆ ಮಾಡಿ ಮಾರನೆಯ ರಾತ್ರಿ ಎಲ್ಲರನ್ನೂ ಕರೆದೊಯ್ದರು. ಬಾಗಿಲಲ್ಲೇ ಹುರಿದ ಶೇಂಗಾದ ವಾಸನೆ. ಆ ಹೊತ್ತಿಗೆ ನನಗೆ ಶೀತವಾಗಿ ಮೂಗು ಅರ್ಧ ಕಟ್ಟಿತ್ತು, ಆದರೂ ಗೊತ್ತಾಯಿತು. ಶೇಂಗಾ ಇಲ್ಲದ್ದು ಏನಾದರೂ ಇದೆಯಾ ಎಂದು ಕೇಳಿದೆ. ಮಾಲೀಕರು ಬನಿಯನ್ನಿನ ಮೇಲೆ ಟವೆಲ್ ಹಾಕಿಕೊಂಡು ನಿಂತಿದ್ದರು.

"ಯಾವೂರ್ರಿ ಅಕ್ಕಾರ?"

"ಬನಹಟ್ಟಿರಿ."

"ಬನಹಟ್ಟ್ಯಾವ್ರಾಗಿ ಹಿಂಗ ಕೇಳ್ತೀರಲ್ರಿ. ಶೇಂಗಾ ಬಿಟ್ರ ನಮ್ಮಲ್ಲಿ ಏನೈತ್ರಿ, ನೀರ ಅಷ್ಟ. ಅದೂ ಈಗ ಕ್ಯಾನಿಂದು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರು ಸುಳ್ಳು ಹೇಳಲಿಲ್ಲವಲ್ಲ ಎಂದು ಒಳಗೊಳಗೇ ಕೈ ಮುಗಿದೆ. ಕಾಕಾ ಮತ್ತು ಮನೆಯವರು ಉಂಡು ಬರುವವರೆಗೆ ನಾವಿಬ್ಬರು ಹೊರಗೆ ಬಾಳೆಹಣ್ಣು ತಿನ್ನುತ್ತ ನಿಂತೆವು. "ಕಾಕಾ ಎಣಗಾಯಿ ಎರಡ ಸಲ ಹಾಕಿಸ್ಕೊಂಡ್ರು, ನಾ ನೋಡೇನಿ" ಎಂದು ಮಗಳು ಕಿಟಕಿಯಿಂದ ವರದಿ ಒಪ್ಪಿಸುತ್ತಿದ್ದಳು.

ಮರುದಿನ ಬೆಳಗ್ಗೆ ಮೇಳಕ್ಕೆ ಹೋಗುವ ದಾರಿಯಲ್ಲಿ ಹಳೆಯ ಟಿಫಿನ್ ಹೋಟೆಲೊಂದಕ್ಕೆ ಹೋದೆವು. ಕಾಕಾ ಮಳಿಗೆ ತೆರೆಯಲು ಮುಂದೆ ಹೋಗಿದ್ದರು. ಎತ್ತರದ ಛಾವಣಿ, ಕಲ್ಲಿನ ಮೇಜು. ಬಡಿಸುವವರು ವಯಸ್ಸಾದವರು, ಹಣೆಯ ಮೇಲೆ ತೆಳ್ಳನೆಯ ಗಂಧ. ಸೆಟ್ ದೋಸೆ ಹೇಳುವ ಮೊದಲು ಎಂದಿನಂತೆ ಕೇಳಿದೆ.

"ಚಟ್ನಿಗೆ ಶೇಂಗಾ ಹಾಕೀರೇನ್ರಿ?"

"ಶೇಂಗಾ?" ಅವರು ಸ್ವಲ್ಪ ತಲೆ ಓರೆ ಮಾಡಿದರು. "ಇಲ್ಲಮ್ಮ, ಅದೆಲ್ಲ ಹಾಕಲ್ಲ. ಕಾಯಿ, ಹಸಿಮೆಣಸಿನಕಾಯಿ, ಕಡ್ಲೆಬೀಜ. ಅಷ್ಟೇ."

ಬೆಂಗಳೂರಿನ ಕಡೆಯ ಓದುಗರು ಇಲ್ಲಿಯೇ ಬೆಚ್ಚಿಬಿದ್ದಿರುತ್ತೀರಿ. ನಾನು ಬೆಚ್ಚಲಿಲ್ಲ. ಕಡ್ಲೆಬೀಜ ಅಂದರೆ ಶೇಂಗಾ ಎಂದು ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಕಡ್ಲಿ ಅಂದರೆ ಕಡ್ಲಿಯೇ. ಕಡ್ಲಿಬ್ಯಾಳಿ, ಕಡ್ಲಿಹಿಟ್ಟು, ಎಲ್ಲ ಅದರದೇ ಸಂಸಾರ. ಬೀಜ ಅಂದರೆ ಕಾಳು ಇರಬೇಕು ಎಂದುಕೊಂಡೆ. ದರ್ಶಿನಿಯ ಹುಡುಗ ಅಂಗೈಗೆ ಹಾಕಿದ ನಾಲ್ಕು ಕಾಳು ಕಣ್ಣ ಮುಂದಿದ್ದವು. ಊರಿನಲ್ಲಿ ಅದು ಶೇಂಗಾ, ಕಾನ್ವೆಂಟಿನಲ್ಲಿ ಗ್ರೌಂಡ್‌ನಟ್. ನಡುವೆ ಇರುವ ಕನ್ನಡವನ್ನು ನನಗೆ ಯಾರೂ ಕಲಿಸಿರಲಿಲ್ಲ, ನಾನೂ ಹುಡುಕಿರಲಿಲ್ಲ.

ರುಚಿ ನೋಡಿದೆ. ಮೂಗು ಪೂರ್ತಿ ಕಟ್ಟಿತ್ತು. ಹಸಿಮೆಣಸಿನಕಾಯಿಯ ಖಾರವೊಂದೇ ನಾಲಿಗೆಗೆ ಸಿಕ್ಕಿತು. ತಟ್ಟೆಯನ್ನು ಮಗಳ ಕಡೆ ಸರಿಸಿದೆ.

"ಮಮ್ಮಿ, ಈ ಚಟ್ನಿ ಭಾರಿ ಐತಿ. ಇನ್ನಷ್ಟು ಹೇಳು."

ಹೇಳಿದೆ. ಬಡಿಸುವವರು ಸಂತೋಷದಿಂದ ಮತ್ತೊಂದು ಸೌಟು ಹಾಕಿದರು.

ಮೊದಲು ಕಂಡದ್ದು ಕಿರುಬೆರಳು. ಕಿವಿಯೊಳಗೆ ಹಾಕಿ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ಮತ್ತೆ. ಸ್ನಾನದ ನೀರು ಹೋಗಿರಬೇಕು ಎಂದುಕೊಂಡೆ. ಆಮೇಲೆ ಗಂಟಲು ಕೆರೆದಳು. ನೀರು ಕುಡಿದಳು. ಮತ್ತೆ ಕೆರೆದಳು. ತುಟಿಯ ಅಂಚು ಬಿಳಿಚಿಕೊಂಡು ಉಬ್ಬುತ್ತಿರುವಂತೆ ಕಂಡಿತು. ಕಂಡಿತೋ, ನನ್ನ ಹೆದರಿಕೆಗೆ ಹಾಗೆ ತೋರಿತೋ. ಅಷ್ಟರಲ್ಲಿ ಅವಳೇ ಅಂದಳು.

"ಮಮ್ಮಿ, ಗಂಟಲಾಗ ಏನೋ ನಿಂತಂಗ ಆಗಾಕತ್ತೈತಿ."

ದನಿ ಅವಳದಾಗಿರಲಿಲ್ಲ. ಬಟ್ಟೆಯ ಗಂಟಿನೊಳಗಿಂದ ಬಂದಂತಿತ್ತು.

ಮನೆಯವರು ಕುರ್ಚಿ ಬೀಳಿಸಿಕೊಂಡು ಎದ್ದು ಹೊರಗೆ ಓಡಿದರು. ಆಟೋ ನಿಲ್ಲಿಸಿ ಬಾಗಿಲಿನಿಂದಲೇ ಕೂಗಿದರು. "ಎತ್ಕೊಂಡ ಬಾ, ಆಟೋ ಸಿಕ್ತು. ದವಾಖಾನಿ ಹತ್ತರನ ಐತಂತ."

ಬಾಗಿಲಿನಾಚೆ ರಸ್ತೆ ಕಾಣುತ್ತಿತ್ತು. ಬಸ್ಸು, ಕಾರು, ಸ್ಕೂಟರು, ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಯಾವುದೂ ಕದಲುತ್ತಿರಲಿಲ್ಲ. ಆಟೋದಲ್ಲಿ, ತೊಡೆಯ ಮೇಲೆ ಮಲಗಿಸಿಕೊಂಡು, ಆ ಇಕ್ಕಟ್ಟಿನಲ್ಲಿ ಆಂಪೂಲು ಒಡೆಯುವುದು ನನ್ನಿಂದ ಆಗುವುದಿಲ್ಲ. ಅದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಇನ್ನೊಂದು ಅಷ್ಟು ಸ್ಪಷ್ಟವಾಗಿರಲಿಲ್ಲ. ಶೇಂಗಾ ತಿಂದಿಲ್ಲವಲ್ಲ, ಇದು ಬೇರೇನೋ ಇದ್ದರೆ? ಸುಮ್ಮನೆ ಚುಚ್ಚಿ ಮಗುವಿನ ಎದೆಗೆ ಏನಾದರೂ ಮಾಡಿಬಿಟ್ಟರೆ?

"ಬಾ ಅಂದ್ನಲ್ಲ" ಎಂದರು ಮನೆಯವರು.

"ಇಲ್ಲರಿ. ಮೊದಲ ಚುಚ್ಚತೀನಿ."

ನಾಲ್ಕು ಜನರ ಎದುರು ಅವರ ಮಾತಿಗೆ ಇಲ್ಲ ಎಂದದ್ದು ಬಹುಶಃ ಅದೇ ಮೊದಲು. ಅವರು ಅಲ್ಲೇ ನಿಂತರು. ಆಮೇಲೆ ಓಡಿ ಬಂದು ಬೆಂಚಿನ ಮೇಲೆ ಮಗಳನ್ನು ಮಲಗಿಸಿ ಕಾಲು ಹಿಡಿದುಕೊಂಡರು.

ಕನ್ನಡಕದ ಡಬ್ಬಿ ತೆರೆದೆ. ಆಂಪೂಲಿನ ತಲೆಗೆ ಬೆರಳಿನಿಂದ ತಟ್ಟಿದೆ, ಔಷಧಿ ಕೆಳಗೆ ಇಳಿಯಲು. ಕರವಸ್ತ್ರ ಸುತ್ತಿ ಅದರ ಕುತ್ತಿಗೆ ಮುರಿದೆ. ಬಲ ಜಾಸ್ತಿಯಾಯಿತು. ಗಾಜು ಪುಡಿಯಾಗಿ ಔಷಧಿಯೆಲ್ಲ ಕರವಸ್ತ್ರಕ್ಕೆ ಹೋಯಿತು. ಬೆರಳಿನಿಂದ ರಕ್ತ ಬಂತು. ಇನ್ನು ಇದ್ದದ್ದು ಒಂದೇ. ಸುತ್ತ ಜನ ಸೇರಿದ್ದರು. ಯಾರೋ "ಆಸ್ಪತ್ರೆಗೆ ಕರ್ಕೊಂಡೋಗಮ್ಮ, ಹೋಟ್ಲಲ್ಲಿ ಇಂಜೆಕ್ಷನ್ ಕೊಡ್ತಾರಾ" ಎಂದರು. ಇನ್ಯಾರೋ "ಡಾಕ್ಟರಾ ನೀವು?" ಎಂದರು. ಅಲ್ಲ ಎಂದೆ. ಮಗಳು ಉಸಿರು ಎಳೆದುಕೊಂಡಾಗಲೆಲ್ಲ ಕುತ್ತಿಗೆಯ ಕೆಳಗಿನ ಗುಳಿ ಒಳಕ್ಕೆ ಹೋಗುತ್ತಿತ್ತು. ಅಲ್ಲಿಂದ ಕಣ್ಣು ಕೀಳುವುದು ಕಷ್ಟವಾಯಿತು. ಕಿತ್ತೆ.

ಎರಡನೆಯದನ್ನು ಮೆಲ್ಲಗೆ ಮುರಿದೆ. ಟಿಕ್ ಎಂದು ಸ್ವಚ್ಛವಾಗಿ ಮುರಿಯಿತು. ಕೆಂಪು ಗೆರೆಯವರೆಗೆ ಎಳೆದುಕೊಂಡು, ಗಾಳಿಯ ಗುಳ್ಳೆ ಹೊರಗೆ ಹಾಕಿ, ತೊಡೆಯ ಹೊರಬದಿಗೆ ಲೆಗಿಂಗ್ಸಿನ ಮೇಲಿಂದಲೇ ನೇರ ಚುಚ್ಚಿದೆ. ಮೋಸಂಬಿ ಇದಕ್ಕಿಂತ ಗಟ್ಟಿ ಇತ್ತು. ಸೂಜಿ ಅಷ್ಟು ಸಲೀಸಾಗಿ ಒಳಗೆ ಹೋದದ್ದಕ್ಕೇ ನನಗೆ ಭಯವಾಯಿತು. ಒತ್ತಿ ಹಿಡಿದೆ, ತೆಗೆದೆ, ಆ ಜಾಗ ತಿಕ್ಕಿದೆ. ಆಮೇಲೆ ಮಾಡಲು ಏನೂ ಉಳಿದಿರಲಿಲ್ಲ. ಆ ಹೊತ್ತು ಎಲ್ಲಕ್ಕಿಂತ ಕೆಟ್ಟದ್ದು.

ಎತ್ತಿಕೊಂಡು ಆಟೋ ಹತ್ತಿದೆವು. ಸಿಗ್ನಲ್ ದಾಟುವಾಗ ಮಗಳು ವಾಂತಿ ಮಾಡಿದಳು. ವಾಂತಿಯ ಮೇಲೆ ಒಂದು ದೊಡ್ಡ ಉಸಿರು ಎಳೆದುಕೊಂಡಳು. "ಎದಿ ಡಬಡಬ ಅನ್ನಾಕತ್ತೈತಿ" ಎಂದಳು. ದನಿ ಅರ್ಧದಷ್ಟು ಮರಳಿತ್ತು.

ಆಸ್ಪತ್ರೆಯಲ್ಲಿ ಆಮ್ಲಜನಕ ಹಚ್ಚಿ, ಮತ್ತೊಂದು ಸೂಜಿ ಕೊಟ್ಟು, ಬೆರಳಿಗೆ ಕೆಂಪು ದೀಪದ ಕ್ಲಿಪ್ಪು ಹಾಕಿ ಮಲಗಿಸಿದರು. ಮರುದಿನದವರೆಗೂ ಬಿಡುವುದಿಲ್ಲ, ಇಳಿದದ್ದು ಮತ್ತೆ ಏರಬಹುದು ಎಂದರು ಅಲ್ಲಿಯ ಡಾಕ್ಟರಮ್ಮ. ಏನು ತಿಂದಳು ಎಂದು ಕೇಳಿದರು. ಕಡಲೆ ಎಂದೆ. ಇಂಗ್ಲಿಷಿನಲ್ಲಿ ಇನ್ನೂ ಖಚಿತವಾಗಿ ಚಿಕ್‌ಪೀ ಎಂದೆ. ಅವರು ಬರೆದುಕೊಂಡರು. ಹಾಗಾದರೆ ಇನ್ನು ಕಡ್ಲಿಯೂ ಇಲ್ಲ, ಪುಟಾಣಿಯೂ ಇಲ್ಲ, ಕಡ್ಲಿಹಿಟ್ಟಿನ ಜುಣಕವೂ ಇಲ್ಲ, ನಾನು ಈ ಮಗುವಿಗೆ ಏನು ಉಣಿಸಲಿ ಎಂದು ಯೋಚಿಸುತ್ತ ಮಂಚದ ಪಕ್ಕ ಕೂತಿದ್ದೆ.

ಮಧ್ಯಾಹ್ನ ಆ ಬಡಿಸುವವರು ವಾರ್ಡಿಗೆ ಬಂದರು. ಹೋಟೆಲಿಗೆ ಬಂದು ಹೋಗುವ ಆಟೋದವನನ್ನು ಕೇಳಿ ಪತ್ತೆ ಮಾಡಿದ್ದರಂತೆ. ಮುಖ ಸಣ್ಣದಾಗಿತ್ತು.

"ಮಗು ಹೇಗಿದೆಯಮ್ಮ? ನೀವು ಅದ್ಯಾವುದೋ ಹೆಸರು ಕೇಳಿದ್ರಿ. ನಿಮ್ಮ ಕಡೆ ಮಸಾಲೆಪುಡಿ ಏನೋ ಇರಬೇಕು ಅಂದ್ಕೊಂಡೆ. ಚಟ್ನಿಗೆ ನಾವು ಹಾಕೋದು ಇದೇ, ಡಾಕ್ಟರಿಗೆ ತೋರಿಸಿ" ಎಂದು ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು.

ಶೇಂಗಾ. ಕೆಂಪು ಸಿಪ್ಪೆ, ಕೆಲವು ಒಡೆದು ಎರಡು ಹೋಳಾಗಿದ್ದವು.

"ಇದಕ್ಕೇನಂತೀರಿ?" ಎಂದೆ.

"ಕಡ್ಲೆಬೀಜ."

ಮನೆಯವರು ಅವರ ಮೇಲೆ ರೇಗುತ್ತಾರೆ ಎಂದು ಎದ್ದು ನಿಂತೆ. ರೇಗಲಿಲ್ಲ. ಪೊಟ್ಟಣವನ್ನೇ ನೋಡುತ್ತ, "ನಾ ಕೇಳಿದ್ರೂ ಹಂಗ ತಿಳ್ಕೊತಿದ್ದೆ" ಎಂದರು. ಪೊಟ್ಟಣವನ್ನು ಹೊರಗೆ ಒಯ್ಯಿರಿ ಎಂದು ನಾನು ಅವರಿಬ್ಬರನ್ನೂ ಬಾಗಿಲಾಚೆ ಕಳಿಸಿದೆ. ನಾನು ಹೇಳಿದ ಮೇಲೆ ಡಾಕ್ಟರಮ್ಮ ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದರು. ಕಾರಿಡಾರಿನಲ್ಲಿ ಇಬ್ಬರೂ ಬಹಳ ಹೊತ್ತು ಮಾತಾಡುತ್ತಿದ್ದರು. ಹೋಗುವಾಗ ಬಡಿಸುವವರು ಒಳಗೆ ಬರಲಿಲ್ಲ, ಬಾಗಿಲಿನ ಗಾಜಿನಿಂದ ಮಗಳನ್ನು ನೋಡಿ ಹೋದರು.

ಬಿಡುಗಡೆಯಾದ ದಿನ ಮನೆಯವರು ಬಸ್ಸಿನ ವಿಚಾರ ತೆಗೆದರು. "ನೀವಿಬ್ರೂ ಊರಿಗೆ ಹೋಗ್ರಿ. ಸೀರಿ ನಾ, ಕಾಕಾ ನೋಡ್ಕೊತೀವಿ." ನನಗೂ ಓಡಿಹೋಗಬೇಕು ಎನಿಸಿತ್ತು. ಕಣ್ಣು ಮುಚ್ಚಿದರೆ ಆ ಕುತ್ತಿಗೆಯ ಗುಳಿ ಕಾಣುತ್ತಿತ್ತು. ಆದರೆ ಮಗಳು ಹಾಸಿಗೆಯ ಅಂಚಿಗೆ ಕೂತು, "ನಾ ದೊಡ್ಡಾಕಿ ಆಗಿ ಕಾಲೇಜಿಗೆ ಹ್ವಾದ್ರ ಅಲ್ಲೂ ಹೊಟೇಲ್ ಇರ್ತಾವಲ್ಲ ಮಮ್ಮಿ" ಎಂದಳು. ಅವಳು ನನ್ನನ್ನು ಒಪ್ಪಿಸಲು ಹೇಳಿದ್ದಲ್ಲ. ನಿಜವಾಗಿ ಕೇಳುತ್ತಿದ್ದಳು. ಊರಿಗೆ ಹೋದರೆ ಅದಕ್ಕೆ ಉತ್ತರ ಸಿಗುವುದಿಲ್ಲ ಎಂದು ನಾವು ಉಳಿದೆವು.

ಹೊಸ ಆಂಪೂಲುಗಳನ್ನು ಬರೆಸಿಕೊಂಡು ಕೊಂಡೆ, ಈ ಸಲ ಎರಡಕ್ಕಿಂತ ಹೆಚ್ಚು. ಕಾಕಾಗೆ ಒಂದೇ ಒಂದು ಶೇಂಗಾ ತರಲು ಹೇಳಿದೆ.

"ಒಂದ? ಯಾವ ಅಂಗಡಿಯಾಂವ ಕೊಡ್ತಾನವ್ವಾ ಒಂದು? ಬೈತಾನ."

"ಕಾಲ್ ಕೆಜಿ ತಗೊಂಡು ಉಳಿದದ್ದು ನೀವ ತಿನ್ರಿ ಕಾಕಾ. ಆದ್ರ ಕೈ ಬಾಯಿ ಸಾಬೂನು ಹಚ್ಚಿ ತೊಳ್ಕೊಂಡ ಬರ್ರಿ."

ಹೋಮಿಯೋಪಥಿ ಗುಳಿಗೆಯ ಖಾಲಿ ಗಾಜಿನ ಶೀಶೆಯೊಳಗೆ ಆ ಕಾಳು ಹಾಕಿ, ಬಿರಡೆ ಬಿಗಿ ಮಾಡಿ, ಕಾಕಾ ಅದರ ಮೇಲೆ ರೇಷ್ಮೆ ಎಳೆ ಸುತ್ತಿ ಮಗ್ಗದವರ ಗಂಟು ಹಾಕಿಕೊಟ್ಟರು. "ಇದನ್ನ ಬಿಚ್ಚಬೇಕಂದ್ರ ನನ್ನನ್ನ ಕರೀಬೇಕು" ಎಂದರು. ಶೀಶೆಯನ್ನು ತೊಳೆದು ಒರೆಸಿ, ಪರ್ಸಿನ ಹೊರಗಿನ ಖಾನೆಯಲ್ಲಿ, ಕನ್ನಡಕದ ಡಬ್ಬಿಯಿಂದ ದೂರ ಇಟ್ಟುಕೊಂಡೆ. ಇಷ್ಟು ವರ್ಷ ಮನೆಯ ಹೊಸ್ತಿಲು ದಾಟಲು ಬಿಡದ ವಸ್ತುವನ್ನು ಹೆಗಲಿಗೆ ಹಾಕಿಕೊಂಡು ನಡೆಯುವಾಗ ಆ ಖಾನೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಮೊದಲ ಹೋಟೆಲಿನಲ್ಲಿ ಅಡುಗೆಯವರನ್ನೇ ಕರೆಯಿರಿ ಎಂದೆ. ಕ್ಷಮೆಯ ದನಿ ಇನ್ನೂ ಇತ್ತು, ಆದರೆ ಅವರು ಬರುವವರೆಗೆ ಕೂರಲಿಲ್ಲ. ಬಂದವರಿಗೆ ಶೀಶೆ ತೋರಿಸಿದೆ. "ಪಲ್ಲಿ" ಎಂದರು. "ಎಣ್ಣೆಯೇ ಇದರದಮ್ಮ. ಬೇಡ, ಇಲ್ಲಿ ತಿನ್ನಬೇಡಿ." ನಮಸ್ಕಾರ ಹೇಳಿ ಹೊರಬಂದೆವು. ಎರಡನೆಯ ಕಡೆ ಅದು ಕಳ್ಳೆಕಾಯಿ ಆಯಿತು. ಚಟ್ನಿಗೂ ಇದೆ, ಚಿತ್ರಾನ್ನಕ್ಕೂ ಇದೆ ಎಂದರು. ಮೂರನೆಯ ಕಡೆ ಅಡುಗೆಯಾಕೆ ಶೀಶೆಯನ್ನು ಬೆಳಕಿಗೆ ಹಿಡಿದು, ಒಳಗಿನ ಡಬ್ಬಿಗಳ ಕಡೆ ಒಮ್ಮೆ ತಿರುಗಿ ನೋಡಿ, ಇದು ನಮ್ಮ ಅಡುಗೆಮನೆಯಲ್ಲೇ ಇಲ್ಲ, ಬೇಕಾದರೆ ಬಂದು ನೋಡಿ ಎಂದರು. ಹೋಗಿ ನೋಡಿದೆ. ಎಣ್ಣೆಯ ಡಬ್ಬಿಯ ಚೀಟಿ ಓದಿದೆ. ಒಗ್ಗರಣೆಯ ಸೌಟು ಮೂಸಿದೆ, ಕಟ್ಟಿದ ಮೂಗು ಬಿಟ್ಟಿತ್ತು. ಯಾರೂ ಬೈಯಲಿಲ್ಲ.

ಮೊಸರನ್ನ ತರಿಸಿದೆವು. ಮೊದಲು ನಾನು ತಿಂದು, ಸ್ವಲ್ಪ ಹೊತ್ತು ಬಿಟ್ಟು ಅವಳಿಗೆ ಕೊಟ್ಟೆ. ಒಂದು ತುತ್ತು ಬಾಯಿಗಿಟ್ಟುಕೊಂಡು ಅವಳು ಅಗಿಯುವುದನ್ನು ನಿಲ್ಲಿಸಿದಳು. ನನ್ನ ಕೈ ಕನ್ನಡಕದ ಡಬ್ಬಿಯ ಮೇಲೆ ಹೋಯಿತು.

"ಮಮ್ಮಿ, ನೀ ಹಂಗ ನೋಡಿದ್ರ ನುಂಗಾಕ ಬರಂಗಿಲ್ಲ. ಅತ್ತಾಗ ನೋಡು."

ನಾನು ಮುಖ ರಸ್ತೆಯ ಕಡೆ ತಿರುಗಿಸಿದೆ. ಕಿವಿ ತಿರುಗಿಸಲಿಲ್ಲ.